ಕಿಂಡಿ ಇಲ್ಲದ ಬಿಲ್ಲೆ

"ಕಿಂಡಿ ಬಿಡದಂಗೆ ಮುಚ್ಚಬ್ಯಾಡಪ್ಪ," ಎಂದು ಪಾತಮ್ಮ ಎರಡನೆಯ ಸಲ ಹೇಳಿದಾಗ ಮಾರುತೇಶ ನಕ್ಕುಬಿಟ್ಟ.

ಮುದುಕಿಯನ್ನು ನೋಯಿಸಬೇಕೆಂದು ನಕ್ಕದ್ದಲ್ಲ. ಚಳ್ಳಕೆರೆಯಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ಆರು ವರ್ಷ ಹರಳು ಕೂರಿಸುವ ಕೆಲಸ ಕಲಿತು, ಮೊಳಕಾಲ್ಮೂರಿಗೆ ಬಂದು ಅವನು ಅಂಗಡಿ ಹಾಕಿ ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲೇ ಅವನ ಕೈ ಹೆಸರು ಮಾಡಿತ್ತು. ಹರಳಿನ ಸುತ್ತ ಬೆಳ್ಳಿಯ ತೆಳು ಪಟ್ಟಿ ನಿಲ್ಲಿಸಿ, ಉಕ್ಕಿನ ಕಡ್ಡಿಯಿಂದ ಅದರ ಅಂಚನ್ನು ಒಳಕ್ಕೆ ಒತ್ತಿ ಒತ್ತಿ ಕೂರಿಸಿದನೆಂದರೆ, ಬೆಳ್ಳಿ ಎಲ್ಲಿ ಮುಗಿದು ಹರಳು ಎಲ್ಲಿ ಶುರುವಾಯಿತೆಂದು ಉಗುರಿಗೂ ತಿಳಿಯುತ್ತಿರಲಿಲ್ಲ. ನೇಕಾರರ ಮನೆಯ ಹೆಂಗಸರು ಅವನು ಮಾಡಿದ ಉಂಗುರವನ್ನು ರೇಷ್ಮೆ ಸೀರೆಯ ಮೇಲೆ ಎಳೆದು ನೋಡುತ್ತಿದ್ದರು. ಒಂದೆಳೆಯೂ ಸಿಕ್ಕಿಕೊಳ್ಳುತ್ತಿರಲಿಲ್ಲ. ಅಂಥವನ ಮುಂದೆ ಕೂತು ಈ ಮುದುಕಿ, ಅಂಚಿನಲ್ಲಿ ಬೇಕೆಂದೇ ಒಂದು ಸಂದು ಬಿಡು ಎನ್ನುತ್ತಿದ್ದಳು.

ಪಾತಮ್ಮ ದೇವಸಮುದ್ರದಾಚೆಯ ಒಂದು ಹಟ್ಟಿಯವಳು. ಜೊತೆಗೆ ಬಂದಿದ್ದವನು ಅಳಿಯ ತಿಪ್ಪಯ್ಯ, ಕುರಿ ಕಾಯುವವನು. ಅವನ ಹೆಂಡತಿ, ಪಾತಮ್ಮನ ಒಬ್ಬಳೇ ಮಗಳು ಸೂರಮ್ಮ, ಹಿಂದಿನ ವರ್ಷ ಗೋಡೆಗೆ ಬಳಿಯುವ ಬಿಳಿ ಜೇಡಿ ಅಗೆಯಲು ಹೋಗಿದ್ದಾಗ ಗುಂಡಿ ಕುಸಿದು ಸತ್ತಿದ್ದಳು. ಈಗ ತಿಪ್ಪಯ್ಯನಿಗೆ ಬಿ.ಜಿ. ಕೆರೆಯ ಶಿಲ್ಪ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ಆ ಹಟ್ಟಿಯಲ್ಲಿ ಹೆಂಡತಿ ಸತ್ತವನು ಮತ್ತೊಬ್ಬಳನ್ನು ತರುವಾಗ, ಸತ್ತವಳ ಬೆಳ್ಳಿಯನ್ನೇ ಕರಗಿಸಿ ಬಿಲ್ಲೆ ಮಾಡಿಸಿ, ಅವಳ ಮೈಮೇಲಿದ್ದ ಹರಳನ್ನು ಅದರಲ್ಲಿ ಕೂರಿಸಿ ಹೊಸಬಳ ಕೊರಳಿಗೆ ಕಟ್ಟುತ್ತಾರೆ. ಹರಳಿನ ಕೆಳಗೆ ಸತ್ತವಳ ಒಂದು ಕೂದಲು. ಅದಕ್ಕೆ ಹಿರಿಯಳ ಬಿಲ್ಲೆ ಎನ್ನುತ್ತಾರೆ. ಹಬ್ಬದ ದಿನ ಮೊದಲ ತುತ್ತು ಬಿಲ್ಲೆಗೆ, ಆಮೇಲೆ ಕೊರಳಿಗೆ ಕಟ್ಟಿಕೊಂಡವಳಿಗೆ.

ಪಾತಮ್ಮ ಸೆರಗಿನ ಗಂಟು ಬಿಚ್ಚಿ ಮಗಳ ಕಾಲುಂಗುರ, ಓಲೆಯ ಕೆಂಪು ಹರಳು, ಹಣಿಗೆಯಲ್ಲಿ ಉಳಿದಿದ್ದ ಒಂದು ಉದ್ದನೆಯ ಕೂದಲನ್ನು ಮಣೆಯ ಮೇಲಿಟ್ಟಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಒಂದೊಂದನ್ನೂ ಬೆರಳಿನಿಂದ ತಡವಿ ಗುರುತು ಹಿಡಿದು ಇಟ್ಟಳು.

"ನನ್ನ ಮಗಳು ಮಣ್ಣಾಗೆ ಉಸಿರು ಕಟ್ಟಿ ಹೋದೋಳು. ಬೆಳ್ಳ್ಯಾಗೂ ಕಟ್ಟಿಸಬ್ಯಾಡ. ಒಂದು ಕೂದಲು ತೂರೋವಷ್ಟು ಕಿಂಡಿ ಬಿಡು."

"ಅಜ್ಜಿ, ಸತ್ತೋರು ಉಸಿರಾಡ್ತಾರೇನು? ಕಿಂಡಿ ಬಿಟ್ರೆ ನೀರು ಇಳಿದು ಹರಳು ಅಲ್ಲಾಡ್ತೈತೆ. ಆಮೇಲೆ ಮಾರುತೇಶಾಚಾರಿ ಕೆಲಸ ನೋಡು ಅಂತ ನಗ್ತಾರೆ."

ಅಂಗಡಿಯ ಹಿಂದಿನ ಮನೆಯಿಂದ ಅನ್ನಪೂರ್ಣಮ್ಮ ಹೊಸ್ತಿಲಿಗೆ ಬಂದು ನಿಂತಳು. ಆ ಅಂಗಡಿ ಅವಳ ಗಂಡನದಾಗಿತ್ತು. ಅವನು ತೀರಿಕೊಂಡ ಮೇಲೆ ಇವನಿಗೆ ಬಿಟ್ಟುಕೊಟ್ಟಿದ್ದಳು. ತನ್ನ ಗಂಡ ಮೂವತ್ತು ವರ್ಷದಲ್ಲಿ ಇಂಥ ಬಿಲ್ಲೆ ಎಷ್ಟೋ ಮಾಡಿದ್ದ, ಒಂದಕ್ಕೂ ಕಿಂಡಿ ತಪ್ಪಿಸಿರಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಅವರ ಕೈ ಹಳೇ ಕೈ ಅಕ್ಕಾ, ಅಂಚು ಪೂರ್ತಿ ಕೂಡಿಸೋಕೆ ಬರದವರು ಅದಕ್ಕೊಂದು ಶಾಸ್ತ್ರ ಕಟ್ಟಿರ್ತಾರೆ ಎಂದು ಮಾರುತೇಶ ಉತ್ತರ ಕೊಟ್ಟ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅನ್ನಪೂರ್ಣಮ್ಮ ಒಳಗೆ ಹೋದಳು.

ಕಿಂಡಿ ಬಿಡ್ತೀನಿ ಹೋಗಿ ಎಂದು ಪಾತಮ್ಮನನ್ನು ಕಳಿಸಿದ.

ಮರುದಿನ ಮಧ್ಯಾಹ್ನ ಕೆಲಸಕ್ಕೆ ಕೂತ. ಹೊರಗೆ ಬಿಸಿಲು ಕುದಿಯುತ್ತಿತ್ತು. ಅಂಗಡಿಯೊಳಗೆ ಮಾತ್ರ ಹೊಗೆ ಹಿಡಿದ ಗೋಡೆಗಳ ನಡುವೆ ಹಗಲೇ ಕತ್ತಲೆ. ಅಗ್ಗಿಷ್ಟಿಕೆಯ ಇದ್ದಿಲು, ಬೆಸುಗೆಗೆ ಸುಟ್ಟ ಬಿಳಿಗಾರ, ಕರಗಿದ ಅರಗು, ಮೂರರ ವಾಸನೆಯೂ ಬೆರೆತಿತ್ತು. ಊದುಗೊಳವೆಯನ್ನು ಬಾಯಿಗಿಟ್ಟು, ಕೆನ್ನೆಯುಬ್ಬಿಸಿ ಉರಿಯನ್ನು ಸೂಜಿಯಷ್ಟು ಮಾಡಿ, ಪಟ್ಟಿಯನ್ನು ಬಿಲ್ಲೆಗೆ ಬೆಸೆದ. ಅರಗು ತುಂಬಿದ. ಕೂದಲನ್ನು ಸುರುಳಿ ಸುತ್ತಿ ಇಟ್ಟ. ಮೇಲೆ ಹರಳು. ಆಮೇಲೆ ನಾಲ್ಕು ದಿಕ್ಕಿಗೂ ಒಂದೊಂದು ಒತ್ತು, ಅವುಗಳ ನಡುವೆ ಒಂದೊಂದು, ಮತ್ತೆ ಅವುಗಳ ನಡುವೆ.

ಕೊನೆಗೆ ಅಕ್ಕಿಕಾಳಿನಷ್ಟು ಜಾಗ ಉಳಿಯಿತು. ಅಲ್ಲಿ ಕೈ ನಿಲ್ಲಿಸಬೇಕಾಗಿತ್ತು. ಅವನು ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿದ. ಅಷ್ಟು ಚೆನ್ನಾಗಿ ಬಂದ ಅಂಚಿನಲ್ಲಿ ಆ ಸಂದು ಮುರಿದ ಹಲ್ಲಿನ ಹಾಗೆ ಕಂಡಿತು. ಮದುವೆಗೆ ಹತ್ತು ಊರಿನವರು ಬರುತ್ತಾರೆ. ಹುಡುಗಿಯ ಕೊರಳನ್ನು ಎಲ್ಲರೂ ನೋಡುತ್ತಾರೆ. ಮಾಡಿದವರು ಯಾರು ಎಂದು ಕೇಳುತ್ತಾರೆ.

ಒತ್ತಿದ. ಸಂದು ಕೂಡುವ ಹೊತ್ತಿಗೆ ಬೆರಳ ತುದಿಗೆ ಬೆಚ್ಚನೆಯ ಗಾಳಿ ತಗುಲಿದಂತಾಯಿತು, ಮಲಗಿದವರ ಮೂಗಿನ ಮುಂದೆ ಬೆರಳು ಹಿಡಿದ ಹಾಗೆ. ಅರಗಿನ ಬಿಸಿ ಇರಬೇಕು ಅಂದುಕೊಂಡ. ಮುದುಕಿಯ ಸಮಾಧಾನಕ್ಕೆಂದು ಅಂಚಿನ ಮೇಲೆ ಉಳಿಯ ಮೊನೆಯಿಂದ ಒಂದು ಗೀರು ಎಳೆದ. ತಡವಿದರೆ ಕಿಂಡಿಯ ಹಾಗೇ ಇತ್ತು.

ಬಿಲ್ಲೆ ಒಯ್ಯಲು ಬಂದ ದಿನ ಪಾತಮ್ಮ ಗೀರನ್ನು ಬೆರಳಿನಿಂದ ಹುಡುಕಿದಳು. ಸಿಕ್ಕಿತು. ಆದರೂ ತನ್ನ ತಲೆಯಿಂದ ಒಂದು ಬಿಳಿಕೂದಲು ಕಿತ್ತು ಅವನ ಕೈಗೆ ಕೊಟ್ಟಳು. "ನಂಗೆ ಕಣ್ಣು ಕಾಣಲ್ಲ. ನೀನೇ ತೂರಿಸಿ ನೋಡಪ್ಪ."

ಮಾರುತೇಶ ಕೂದಲನ್ನು ಗೀರಿನ ಮೇಲಿಟ್ಟು, ಎರಡು ಬೆರಳ ನಡುವೆ ಮೆಲ್ಲಗೆ ಜಾರಿಸಿದ.

"ಹೋಯ್ತಜ್ಜಿ," ಎಂದ.

ಅವಳು ಅವನ ತಲೆ ಸವರಿ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು ಹರಸಿ ಹೋದಳು.

ಮದುವೆಯಾಗಿ ಒಂಬತ್ತು ದಿನಕ್ಕೆ ಮೊದಲ ಉಂಗುರ ವಾಪಸು ಬಂತು. ನೇಕಾರರ ಹೆಂಗಸೊಬ್ಬಳು ತಂದಿದ್ದಳು. ಹರಳಿನ ಒಳಗೆ ಮಂಜು ಕುಂತೈತೆ ನೋಡಪ್ಪ ಎಂದಳು. ನಿಜವಾಗಿತ್ತು. ಕನ್ನಡಿಯ ಮೇಲೆ ಬಾಯಿಯಿಂದ ಹಾ ಎಂದು ಊದಿದ ಹಾಗೆ, ನೀಲಿ ಹರಳಿನ ಕೆಳಗೆ ಬೆಳ್ಳನೆಯ ಆವಿ ಹಬ್ಬುತ್ತಿತ್ತು, ಕುಗ್ಗುತ್ತಿತ್ತು. ಅಂಚು ಬಿಚ್ಚಿದರೆ ಒಳಗೆ ಚಿಟಿಕೆಯಷ್ಟು ಬಿಳಿ ಜೇಡಿ. ಒದ್ದೆ. ಆಗತಾನೆ ಅಗೆದ ಹಾಗೆ.

ಆ ವಾರ ಮೂರು ಉಂಗುರ, ಒಂದು ಜೊತೆ ಓಲೆ ಬಂದವು. ಎಲ್ಲವೂ ಅವನು ಕೂರಿಸಿದ ಹರಳುಗಳೇ. ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರೆ ಒಳಗಿನಿಂದ ಕೆರೆಯುವ ಸದ್ದು. ಉಗುರಿನ ಸದ್ದು. ಕೈಯಲ್ಲಿ ತೆಗೆದುಕೊಂಡರೆ ನಿಲ್ಲುತ್ತಿತ್ತು, ಇಟ್ಟರೆ ಶುರುವಾಗುತ್ತಿತ್ತು. ಇಲಿ ಎಂದು ಅನ್ನಪೂರ್ಣಮ್ಮನಿಗೆ ಹೇಳಿದ. ಅವಳು ಡಬ್ಬಿಯನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು.

ಪಾತಮ್ಮ ಬಂದದ್ದು ಆ ವಾರದ ಕೊನೆಗೆ. ಶಿಲ್ಪಳಿಗೆ ಉಸಿರು ಹಿಡಿಯುತ್ತಿತ್ತು. ಕೂತಲ್ಲಿ ಕೊರಳು ಹಿಡಿದುಕೊಳ್ಳುತ್ತಾಳೆ, ಕೆಮ್ಮಿದರೆ ಜೇಡಿನೀರು ಬರುತ್ತದೆ, ಬಿಲ್ಲೆ ಬಿಚ್ಚಲು ಹೋದರೆ ಇನ್ನೂ ಜೋರಾಗುತ್ತದೆ ಎಂದು ಹೇಳಿ, ಅಂಗಡಿಯ ಕಂಬ ಹಿಡಿದು ನಿಂತು ಕೇಳಿದಳು: "ಕಿಂಡಿ ಬಿಟ್ಟಿದ್ಯೇನಪ್ಪ? ಮರೆತಿದ್ರೆ ಹೇಳು. ಮನುಷ್ಯರು ಮರೀತಾರೆ."

ಅಂಗಡಿಯಲ್ಲಿ ಗಿರಾಕಿಗಳು ನಾಲ್ಕು ಜನ ಇದ್ದರು. ನಾಲ್ವರೂ ಅವನ ಕಡೆ ತಿರುಗಿದರು. ಮರೆತೆ ಎಂದರೂ ಸಾಕಾಗಿತ್ತು. ಮುದುಕಿ ಆ ದಾರಿಯನ್ನೂ ತೋರಿಸಿದ್ದಳು. ಮಾರುತೇಶನ ಕಿವಿಯ ತುದಿ ಬಿಸಿಯಾಯಿತು. ನಿಮ್ಮ ಮುಂದೇನೇ ಕೂದಲು ತೂರಿಸಿ ತೋರ್ಸಿದ್ನಲ್ಲಜ್ಜಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. ಹೌದಲ್ಲ ಎಂದು ಪಾತಮ್ಮ ತನಗೆ ತಾನೇ ಹೇಳಿಕೊಂಡು ಹೊರಟಳು. ಅವಳು ನಂಬಿದ್ದಳು. ಆಮೇಲೆ ಅವನನ್ನು ಸುಟ್ಟದ್ದು ಅದೇ.

ಶಿಲ್ಪಳನ್ನು ಚಳ್ಳಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದೆಯಲ್ಲಿ ಏನೂ ಇಲ್ಲ ಎಂದರಂತೆ. ಗಡಿಯಾಚೆಯಿಂದ ಮಂತ್ರವಾದಿಯೊಬ್ಬ ಬಂದ. ನಿಂಬೆಹಣ್ಣು ಕೊಯ್ದು, ಕೂದಲು ಕೊಟ್ಟೋರು ಯಾರು ಎಂದು ಕೇಳಿದ. ಪಾತಮ್ಮ ಎಂದರು. ಹರಳು ಕೊಟ್ಟೋರು? ಪಾತಮ್ಮ. ಮಗಳ ಜಾಗಕ್ಕೆ ಬಂದವಳನ್ನು ಕಂಡರೆ ಯಾವ ತಾಯಿಗೆ ಆದೀತು ಎಂದನಂತೆ. ಅಷ್ಟೇ ಸಾಕಾಯಿತು. ಈ ಸುದ್ದಿಯನ್ನು ಸಂತೆಗೆ ಬಂದವರು ಒಂದೊಂದು ತುಂಡಾಗಿ ಅಂಗಡಿಗೆ ತಂದು ಹಾಕುತ್ತಿದ್ದರು. ಮಾರುತೇಶ ತಲೆ ಬಗ್ಗಿಸಿ ಬೆಳ್ಳಿಗೆ ಅರ ಉಜ್ಜುತ್ತಿದ್ದ.

ಒಂದು ದಿನ ನಡುಮಧ್ಯಾಹ್ನ ತಿಪ್ಪಯ್ಯ ಬಂದ. ಇಬ್ಬರು ಗಂಡಸರು ಹೊರಗೆ ನಿಂತರು. ತಿಪ್ಪಯ್ಯನ ಕಣ್ಣು ಕೆಂಪಾಗಿದ್ದವು. ಹುಡುಗಿ ಇವತ್ತೋ ನಾಳೆಯೋ ಅನ್ನುವಂತಿದ್ದಾಳೆ ಎಂದ. ಮಣೆಯ ಮೇಲಿದ್ದ ಇಕ್ಕಳವನ್ನು ನೋಡಿದ.

"ಅದನ್ನ ಒಂದಿನ ಕೊಡು ಆಚಾರಿ. ಸಂಜೆಗೆ ತಂದುಕೊಡ್ತೀನಿ."

"ಯಾಕೆ?"

"ಮುಂದಿನ ಹಲ್ಲು ಎರಡು ತೆಗೀಬೇಕಂತೆ. ಹಲ್ಲು ಹೋದ್ರೆ ಮಂತ್ರ ತೊದಲ್ತೈತಂತೆ. ಮಾಟ ಕಟ್ಟಲ್ಲಂತೆ."

ಯಾರ ಹಲ್ಲು ಎಂದು ಮಾರುತೇಶ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಗೀರು ಎಳೆದದ್ದು ನಾನು ಅನ್ನುವುದಕ್ಕೆ ಎಷ್ಟು ಮಾತು ಬೇಕು? ಗಂಟಲಿನ ತನಕ ಬಂತು. ತಿಪ್ಪಯ್ಯ ಅವನ ಕೊರಳಪಟ್ಟಿ ಹಿಡಿಯುವುದು ಕಂಡಿತು. ಪೇಟೆಬೀದಿ ಪೂರ್ತಿ ಬಂದು ನಿಲ್ಲುವುದು ಕಂಡಿತು. ಡಬ್ಬಿಯೊಳಗೆ ಕೆರೆಯುವ ಸದ್ದು ಜೋರಾಯಿತು.

ಅವನ ಕೈ ಇಕ್ಕಳವನ್ನು ಎತ್ತಿತು. ಹಿಡಿ ತಿಪ್ಪಯ್ಯನ ಕಡೆ ಬರುವಂತೆ ತಿರುಗಿಸಿ ಕೊಟ್ಟಿತು. ದೊಡ್ಡವರಿಗೆ ಸಾಮಾನು ಹಾಗೆ ಕೊಡಬೇಕೆಂದು ಅವನಿಗೆ ಅವ್ವ ಕಲಿಸಿದ್ದಳು.

ಬಾಗಿಲ ಬಳಿ ಅನ್ನಪೂರ್ಣಮ್ಮ ನಿಂತಿದ್ದಳು. ಎಲ್ಲ ಕೇಳಿದ್ದಳು. ಡಬ್ಬಿಯನ್ನು ಎತ್ತಿ ಅವನ ಮುಂದೆ ಕುಕ್ಕಿದಳು. "ಇಲಿ ಅಂದೆ. ನಂಗೂ ಹೇಳ್ದೆ, ನೀನೂ ನಂಬಿದೆ."

ಅವನು ಉಳಿ ತೆಗೆದುಕೊಂಡು ಎದ್ದ. ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನ ಬಸ್ಸಿಗೆ ಒಂದೂವರೆ ಗಂಟೆ ಕಾದ. ದೇವಸಮುದ್ರದಲ್ಲಿ ಇಳಿದು, ಜಾಲಿಮುಳ್ಳಿನ ನಡುವಿನ ದಾರಿಯಲ್ಲಿ ಓಡಿದ. ಹಟ್ಟಿ ಮುಟ್ಟಿದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಎಲ್ಲ ಮುಗಿದಿತ್ತು. ಬೇವಿನ ಮರದ ಕೆಳಗೆ ಮಣ್ಣು ಒದ್ದೆಯಾಗಿತ್ತು, ಮೇಲೆ ಬೂದಿ ಎರಚಿದ್ದರು. ಪಾತಮ್ಮ ತಿಪ್ಪಯ್ಯನ ಮನೆಯ ಗೋಡೆಗೆ ಮುಖ ಮಾಡಿ ಕೂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಒಂದು ನಾಯಿ ಬಿಟ್ಟರೆ ಅವಳ ಹತ್ತಿರ ಯಾರೂ ಇರಲಿಲ್ಲ.

ಮಾರುತೇಶ ಅವಳನ್ನು ದಾಟಿಕೊಂಡು ಒಳಗೆ ಹೋದ.

ಹರಳು ಸಡಿಲಾಗಿದೆಯೋ ನೋಡಿ ಹೋಗುತ್ತೇನೆ ಎಂದ. ಯಾರೂ ತಡೆಯಲಿಲ್ಲ. ಒಳಗೆ ಕತ್ತಲೆ, ಲೋಬಾನದ ಹೊಗೆ, ಕುರಿಯುಣ್ಣೆಯ ಕಮಟು. ಎಲ್ಲಕ್ಕಿಂತ ಮೇಲೆ ಹಸಿ ಜೇಡಿಯ ವಾಸನೆ. ಶಿಲ್ಪ ಕಂಬಳಿಯ ಮೇಲಿದ್ದಳು. ಇಪ್ಪತ್ತು ತುಂಬದ ಹುಡುಗಿ. ತುಟಿ ನೀಲಿ. ಹಲ್ಲಿನ ಸಂದಿಯಲ್ಲಿ ಬಿಳಿ ಮಣ್ಣು. ಕೊರಳಲ್ಲಿ ಬಿಲ್ಲೆ. ಕೆಂಪು ಹರಳು ಕಾಣುತ್ತಿರಲಿಲ್ಲ. ಒಳಗೆಲ್ಲ ಬಿಳುಪು ಕಟ್ಟಿತ್ತು. ಆ ಬಿಳುಪಿನ ಮೇಲೆ ಒಳಗಿನಿಂದ ಎಳೆದ ಗೀರುಗಳು. ಐದೈದು. ಐದೈದು.

ಉಳಿ ಇಟ್ಟ. ಜಾರಿತು. ಅಂಚು ಅಷ್ಟು ಚೆನ್ನಾಗಿ ಕೂಡಿತ್ತು. ಮತ್ತೆ ಇಟ್ಟ. ಮೊನೆಗೆ ಎಡೆಯೇ ಇಲ್ಲ. ಹುಡುಗಿಯ ಎದೆ ನಿಂತಿತು. ಒತ್ತಿದ. ಬೆರಳು ಕೊಯ್ದಿತು. ಒತ್ತಿದ. ಬೆಳ್ಳಿ ಕಿರ್ರೆಂದಿತು. ಕೂದಲಷ್ಟು ಎದ್ದಿತು.

ಉಸಿರು ಬಂತು. ಹುಡುಗಿಯದಲ್ಲ. ಬಿಲ್ಲೆಯದು. ಉದ್ದನೆಯದು, ತಣ್ಣಗಿನದು, ಒಂದು ವರ್ಷ ಹಿಡಿದಿಟ್ಟದ್ದು. ಅವನ ಮುಖಕ್ಕೇ ಬಡಿಯಿತು. ಬಾಯಿ ತೆರೆದಿದ್ದ. ನುಂಗಿಬಿಟ್ಟ.

ಆಮೇಲೆ ಶಿಲ್ಪ ಕೆಮ್ಮಿದಳು, ಉಸಿರೆಳೆದುಕೊಂಡಳು, ಅಳತೊಡಗಿದಳು.

ಹೊರಗೆ ಗಂಡಸರು ಕೂಗಿದರು. ಹಲ್ಲು ಕಿತ್ತದ್ದಕ್ಕೆ ಮಾಟ ಮುರಿಯಿತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮಂತ್ರವಾದಿಗೆ ಕುರಿ ಹಿಡಿದು ಕೊಟ್ಟರು. ಮಾರುತೇಶನಿಗೂ ಒಂದು ಲೋಟ ಮಜ್ಜಿಗೆ ಕೊಟ್ಟರು. ಅವನು ಕುಡಿದ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ತಿಪ್ಪಯ್ಯ ಇಕ್ಕಳವನ್ನು ಬೂದಿಯಲ್ಲಿ ತಿಕ್ಕಿ ತೊಳೆದು, ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟ. ಅದನ್ನು ಹಿಡಿದುಕೊಂಡು, ಗೋಡೆಯ ಕಡೆ ನೋಡದೆ, ಕೊನೆಯ ಬಸ್ಸಿಗೆ ಹೊರಟುಬಂದ.

ಮರುದಿನದಿಂದ ಅವನ ಉಸಿರು ಇದ್ದಿಲನ್ನು ಮುಟ್ಟಲಿಲ್ಲ. ಊದುಗೊಳವೆ ಬಾಯಿಗಿಟ್ಟು ಊದಿದರೆ ಉರಿ ಅಲುಗುತ್ತಿರಲಿಲ್ಲ. ನಾಲಗೆಗೆ ಜೇಡಿಯ ರುಚಿ ಬರುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಗೋಡೆ ಹಿಡಿಯಬೇಕು. ಗಿರಾಕಿಗಳಿಗೆ ಮೈ ಚೆನ್ನಾಗಿಲ್ಲ ಎಂದು ಹೇಳಿ ಹೇಳಿ ಕಳಿಸಿದ.

ಹದಿನೈದು ದಿನಕ್ಕೆ ಪಾತಮ್ಮ ಬಂದಳು. ಹಟ್ಟಿಯಲ್ಲಿ ಅವಳಿಗೆ ನೀರು ಸೇದಲು ಬಿಡುತ್ತಿರಲಿಲ್ಲ, ಮಕ್ಕಳು ಕಲ್ಲು ಹೊಡೆಯುತ್ತಿದ್ದರು ಎಂದು ಅಷ್ಟು ಹೊತ್ತಿಗೆ ಎಲ್ಲರಿಗೂ ಗೊತ್ತಿತ್ತು. ಅವಳು ಜಗಲಿಯ ಮೇಲೆ ಕೂತು ಸೆರಗಿನ ಗಂಟು ಬಿಚ್ಚಿದಳು. ಅದೇ ಗಂಟು. ಒಳಗಿಂದ ಹಲ್ಲೊಂದನ್ನು ತೆಗೆದು ಮಣೆಯ ಮೇಲಿಟ್ಟಳು. ಬುಡದಲ್ಲಿ ಕಂದುಬಣ್ಣ ಒಣಗಿತ್ತು.

"ಇದಕ್ಕೊಂದು ಬೆಳ್ಳಿ ಕಟ್ಟು ಹಾಕಿಕೊಡು," ಎಂದಳು. ಮಾತಿನ ನಡುವೆ ಗಾಳಿ ಸೋರುತ್ತಿತ್ತು. "ಬಿಲ್ಲೆಗೆ ಈಗ ಕಿಂಡಿ ಐತೆ. ನೀನು ಬಂದುಹೋದ ಮೇಲೆ, ಹುಡುಗಿ ಮಲಗಿದ್ದಾಗ, ಕೂದಲು ತೂರಿಸಿ ನೋಡಿದೆ. ನಾನೇ. ಮೊದ್ಲೂ ನಾನೇ ನೋಡಬೇಕಾಗಿತ್ತು."

ಅವನು ಅವಳ ಕಾಲು ಹಿಡಿಯಲು ಬಗ್ಗಿದ. ಅವಳು ಕಾಲು ಎಳೆದುಕೊಂಡಳು.

"ನನ್ನ ಮಗಳನ್ನ ನೀನು ಬಿಡಿಸಿದೆ. ನನ್ನ ಬಿಡಿಸಲಿಲ್ಲ. ಇದನ್ನ ನೀನೇ ಹಾಕ್ಕೋ. ನಿನ್ನ ಉಸಿರು ಬರ್ತೈತೆ. ಇದೇನು ಅಂತ ಯಾರಾನ ಕೇಳಿದ್ರೆ ನಿಜ ಹೇಳು. ಸುಳ್ಳು ಹೇಳಿದ ದಿನ ಸೂರಮ್ಮ ಹೋದಂಗೆ ಹೋಗ್ತೀಯ."

ಬೈಯಲಿಲ್ಲ. ಮಣ್ಣು ತೂರಲಿಲ್ಲ. ಮನೆಯವರಿಗೆ ಔಷಧಿ ಹೇಳುವ ಹಾಗೆ ಹೇಳಿದಳು.

ಬೆಸುಗೆಗೆ ಅನ್ನಪೂರ್ಣಮ್ಮ ಊದಿಕೊಟ್ಟಳು. ಅಂಚು ಒತ್ತುವಾಗ ಅವನ ಕೈ ಅಭ್ಯಾಸದ ಮೇಲೆ ಪೂರ್ತಿ ಮುಚ್ಚಲು ಹೋಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ನಿಲ್ಲಿಸಿದ. ಪಾತಮ್ಮ ತಲೆಯಿಂದ ಒಂದು ಬಿಳಿಕೂದಲು ಕಿತ್ತು ಕೊಟ್ಟಳು. ತೂರಿಸಿದ. ಈ ಸಲ ಹೋಯಿತು. ಕೊರಳಿಗೆ ಹಾಕಿಕೊಂಡ ಕೂಡಲೇ ಎದೆ ತೆರೆದು ಗಾಳಿ ಒಳಗೆ ಇಳಿಯಿತು.

ಮಾರುತೇಶ ಮತ್ತೆ ಕೆಲಸ ಶುರು ಮಾಡಿದ. ಅಂಗಿಯ ಗುಂಡಿಯನ್ನು ಗಂಟಲಿನ ತನಕ ಹಾಕಿಕೊಳ್ಳುತ್ತಿದ್ದ. ಬೇಸಿಗೆಯಲ್ಲೂ ಹಾಗೇ. ಕಾಣದಿದ್ದರೆ ಯಾರು ಕೇಳುತ್ತಾರೆ? ಪಾತಮ್ಮ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಚಪ್ಪರದಲ್ಲಿ ಇದ್ದಾಳೆಂದು ಕೇಳಿದ. ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡತೊಡಗಿದ.

ಸಂತೆಯ ದಿನ ಅಂಗಡಿ ತುಂಬಿತ್ತು. ತಿಪ್ಪಯ್ಯ ಬಂದಿದ್ದ, ಹಟ್ಟಿಯ ಗಂಡಸರು ಬಂದಿದ್ದರು, ಶಿಲ್ಪ ಹಿಂದೆ ನಿಂತಿದ್ದಳು. ಅವಳು ಬಸುರಿ, ಕಾಲ್ಗೆಜ್ಜೆ ಸಡಿಲ ಮಾಡಿಸಬೇಕಾಗಿತ್ತು. ಮಾರುತೇಶ ಗೆಜ್ಜೆ ತೆಗೆದುಕೊಳ್ಳಲು ಮುಂದಕ್ಕೆ ಬಗ್ಗಿದ. ಮೇಲಿನ ಗುಂಡಿಯ ದಾರ ಹಳೆಯದಾಗಿತ್ತು. ಕಿತ್ತುಬಂತು. ಬೆಳ್ಳಿಯ ಕಟ್ಟು ಹೊರಗೆ ಜೋತಾಡಿತು.

"ಏನಪ್ಪಾ ಆಚಾರಿ ಅದು, ಕೊಳ್ಳಾಗೆ?" ಎಂದ ತಿಪ್ಪಯ್ಯ ನಗುತ್ತ.

"ಹುಲಿಯುಗುರು," ಎಂದ ಮಾರುತೇಶ. ನಾಲಗೆ ತಾನಾಗೇ ಅಂದುಬಿಟ್ಟಿತು.

ಯಾರೋ ತಮಾಷೆ ಮಾಡಿದರು. ಅದು ಅವನಿಗೆ ದೂರದಿಂದ ಕೇಳಿತು. ಎದೆಯ ಮೇಲೆ ಯಾರೋ ಕೂತರು. ಇನ್ನೊಬ್ಬರು. ಮಣ್ಣು. ಮೂಗಿನಲ್ಲಿ ಮಣ್ಣು. ಗಂಟಲಲ್ಲಿ ಒದ್ದೆ ಮಣ್ಣು. ಅಂಗಡಿ ಕತ್ತಲಾಯಿತು. ಕೈ ಮೇಲೆತ್ತಿದ. ಮೇಲೆ ಏನೂ ಇಲ್ಲ. ಇದ್ದದ್ದು ತೂಕ. ಕೆರೆದ. ಉಗುರು ಮಣೆಯ ಮೇಲೆ ಕೆರೆಯಿತು. ಐದು ಗೀರು.

ಆ ಸದ್ದನ್ನು ಶಿಲ್ಪ ಗುರುತು ಹಿಡಿದಳು. ಅವಳ ಕೈ ತನ್ನ ಬಿಲ್ಲೆಗೆ ಹೋಯಿತು. "ಹೇಳಿಬಿಡಣ್ಣ," ಎಂದಳು. "ಏನೈತೋ ಹೇಳಿಬಿಡು."

"ಹಲ್ಲು," ಎಂದ.

ಒಂದು ಕೂದಲಷ್ಟು ಗಾಳಿ ಒಳಗೆ ಬಂತು. ಅಷ್ಟೇ. ಇನ್ನೊಂದು ಮಾತಿಗೆ ಅಷ್ಟೇ ಸಾಕಾಗಿತ್ತು.

"ಪಾತಮ್ಮಂದು."

ಮತ್ತಷ್ಟು ಗಾಳಿ.

"ಮಾಟ ಅವಳು ಮಾಡಲಿಲ್ಲ. ಕಿಂಡಿ ಮುಚ್ಚಿದೋನು ನಾನು."

ಅಂಗಡಿಯಲ್ಲಿ ನಗು ನಿಂತಿತು. ಮಾರುತೇಶ ಗೀರು ಎಳೆದದ್ದನ್ನು ಹೇಳಿದ. ಕುರುಡುಗಣ್ಣಿನ ಮುಂದೆ ಕೂದಲು ಜಾರಿಸಿದ್ದನ್ನು ಹೇಳಿದ. ಒಂದೊಂದು ಮಾತಿಗೂ ಒಂದೊಂದು ಉಸಿರು ಸಿಗುತ್ತಿತ್ತು, ನಿಲ್ಲಿಸಿದರೆ ಮಣ್ಣು ಜರಿಯುತ್ತಿತ್ತು. ತಿಪ್ಪಯ್ಯನ ಮುಖದ ರಕ್ತ ಇಳಿದು ಹೋಯಿತು. ಅವನು ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಮಣೆಯನ್ನು ನೋಡಿದ. ಅಲ್ಲಿ ಇಕ್ಕಳ ಇತ್ತು. ಮೆಲ್ಲಗೆ ಅದನ್ನು ಎತ್ತಿಕೊಂಡ.

ಮಾರುತೇಶ ನೋಡಿದ. ಇಕ್ಕಳ ಕೊಟ್ಟದ್ದನ್ನು ಹೇಳುವುದು ಇನ್ನೂ ಬಾಕಿ ಇತ್ತು. ಅದನ್ನೂ ಹೇಳತೊಡಗಿದ.